ಬಗ್ಗಬಾರದ ದಿನಗಳು

ಮಗಳ ಮೂಗು ತೋರಿಸಲಿಕ್ಕೆ ಹೋದವಳು ತನ್ನ ಮೂಗು ತೋರಿಸಿ ಬಂದಳು ಎಂದು ನೆಂಟರಿಷ್ಟರು ಆಮೇಲೆ ಆಡಿಕೊಂಡರು. ಆಡಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಆಶಾಲತಾ ಮಗಳು ಚೈತಾಲಿಯ ಜೊತೆ ಬೆಂದೂರ್‌ವೆಲ್‌ನ ಕ್ಲಿನಿಕ್ಕೊಂದರಲ್ಲಿ ಕೂತಿದ್ದಳು. ತೊಡೆಯ ಮೇಲೆ ಇಬ್ಬರ ಬ್ಯಾಗು, ಕಾಲ ಬಳಿ ನೀರಿಳಿಯುತ್ತಿದ್ದ ಎರಡು ಕೊಡೆ. ಹಂಪನಕಟ್ಟೆಯ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಚೈತಾಲಿಗೆ ತನ್ನ ಮೂಗಿನ ತುದಿ ದಪ್ಪ ಎಂದು ಕಾಲೇಜಿನ ದಿನಗಳಿಂದಲೂ ಕೊರಗು. ಅದು ಅವಳ ತಂದೆ ಮೋಹನದಾಸ ಶೆಟ್ಟರ ಮೂಗು, ಅವರಿಗೆ ತಾಯಿಯಿಂದ ಬಂದದ್ದು. ಶೆಟ್ಟರ ಮುಖದಲ್ಲಿ ಅದು ಹೋಟೆಲು ಯಜಮಾನನ ಗತ್ತಿನಂತೆ ಕಾಣುತ್ತಿತ್ತು. ಮಗಳ ಮುಖದಲ್ಲಿ ಮಾತ್ರ, ಗಂಡಿನ ಕಡೆಗೆ ಫೋಟೋ ಕಳಿಸುವಾಗೆಲ್ಲ ಚರ್ಚೆಗೆ ಬರುತ್ತಿತ್ತು.

ಡಾಕ್ಟರ್ ಜಸೀಲಾ ಅವಸರವಿಲ್ಲದ ಹೆಂಗಸು. ಕಂಪ್ಯೂಟರಿನಲ್ಲಿ ಚೈತಾಲಿಯ ಮುಖ ತೆರೆದು ಒಂದೊಂದೇ ದಾರಿ ತೋರಿಸಿದರು. ತುದಿಯ ಮೆದು ಎಲುಬನ್ನು ಹೊಳ್ಳೆಯ ಒಳಗಿನಿಂದಲೇ ತುಸು ತೆಗೆದು, ಹೊಲಿದು ಸಪುರ ಮಾಡಬಹುದು. ಇಲ್ಲವೇ ಎರಡು ಹೊಳ್ಳೆಗಳ ನಡುವೆ ಸಣ್ಣದಾಗಿ ಕೊಯ್ದು, ತೆರೆದು ಮಾಡಬಹುದು. ಆಗ ಕೆಲಸ ಕಣ್ಣಿಗೆ ಚೆನ್ನಾಗಿ ಸಿಗುತ್ತದೆ, ಗುರುತು ಕೆಲವು ಕಾಲ ಉಳಿಯುತ್ತದೆ. ಕತ್ತಿಯೇ ಬೇಡ ಎನ್ನುವವರಿಗೆ ಸೂಜಿಯಲ್ಲಿ ಫಿಲ್ಲರ್ ತುಂಬಿಸುವುದುಂಟು, ಆದರೆ ಅದು ದಿನ ಹೋದಂತೆ ಕರಗುತ್ತದೆ. ಮೇಲಾಗಿ ತುಂಬಿಸಿದರೆ ದಪ್ಪ ಮೂಗು ಸಪುರವಾಗುವುದಿಲ್ಲ. ಕೆಲವರಲ್ಲಿ ತಪ್ಪು ಮೂಗಿನದ್ದೇ ಅಲ್ಲ, ಗದ್ದದ್ದು. ಗದ್ದವನ್ನು ತುಸು ಮುಂದೆ ತಂದರೆ ಮೂಗು ತಾನಾಗಿ ಚಿಕ್ಕದಾಗಿ ಕಾಣುತ್ತದೆ.

ತೆರೆಯ ಮೇಲೆ ಚೈತಾಲಿಯ ಮೂಗು ಕಲಸಿದ ಹಿಟ್ಟಿನ ಹಾಗೆ ಹಿಗ್ಗುತ್ತ ಕುಗ್ಗುತ್ತ ಹೋಯಿತು. ನೋಡುತ್ತ ನೋಡುತ್ತ ಆಶಾಲತಾಳಿಗೆ ತೂಕಡಿಕೆ ಬಂದಂತಾಯಿತು. ಮಧ್ಯಾಹ್ನದ ಆ ಹೊತ್ತಿನಲ್ಲಿ ಕೈಯಲ್ಲಿ ಏನೂ ಕೆಲಸವಿಲ್ಲದೆ ಕುರ್ಚಿಯಲ್ಲಿ ಕೂತು ಅವಳಿಗೆ ಅಭ್ಯಾಸವಿರಲಿಲ್ಲ.

"ನಾನು ಸ್ವಲ್ಪ ಯೋಚನೆ ಮಾಡಿ ಹೇಳ್ತೇನೆ ಡಾಕ್ಟ್ರೆ," ಎಂದಳು ಚೈತಾಲಿ. ಇಷ್ಟು ವರ್ಷ ಬೈದುಕೊಂಡ ಮೂಗು ಹೋಗಿಯೇ ಬಿಡುತ್ತದೆ ಎನ್ನುವಾಗ ಅವಳಿಗೆ ಅದರ ಮೇಲೆ ಏನೋ ಕನಿಕರ ಹುಟ್ಟಿದಂತಿತ್ತು.

"ಯೋಚನೆ ಮಾಡಿ. ಮೂಗು ಎಲ್ಲಿಗೂ ಓಡಿ ಹೋಗುವುದಿಲ್ಲ," ಎಂದು ಡಾಕ್ಟರು ಕುರ್ಚಿ ತಿರುಗಿಸಿ ಆಶಾಲತಾಳನ್ನು ನೋಡಿದರು. "ಅಮ್ಮ, ನಿಮ್ಮ ಮೂಗಿಗೆ ಎಂತ ಆದದ್ದು?"

ಇಪ್ಪತ್ತೆಂಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ?

"ಮುಚ್ಚಳ ಬಿದ್ದದ್ದು," ಎಂದಳು.

"ಯಾವ ಮುಚ್ಚಳ?"

"ಅಗೆಲಿನ ಪಾತ್ರೆಯದ್ದು. ಅಟ್ಟದಿಂದ."

ಡಾಕ್ಟರಿಗೆ ಅಗೆಲು ಗೊತ್ತಿತ್ತು. ಅವರ ನೆರೆಮನೆಯವರೂ ಆಶಾಲತಾಳ ಹಾಗೆ ಬಂಟರು. ಮಳೆಗಾಲದ ಆಟಿ ತಿಂಗಳಲ್ಲಿ ಅವರು ತೀರಿಹೋದ ಹಿರಿಯರಿಗೆ ಬಾಳೆಲೆ ಹಾಕಿ ಕೋಳಿ ಪದಾರ್ಥ, ರೊಟ್ಟಿ, ಪತ್ರೊಡೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದನ್ನು ಬಾಲ್ಯದಲ್ಲಿ ಬೇಲಿಯಾಚೆಯಿಂದ ನೋಡಿದ್ದರು. ಡಾಕ್ಟರು ಪುಟ್ಟ ಟಾರ್ಚು ಹಿಡಿದು ಆಶಾಲತಾಳ ಹೊಳ್ಳೆಗಳ ಒಳಗೆ ನೋಡಿದರು.

"ಎಡದ್ದರಲ್ಲಿ ಉಸಿರು ಹೋಗುವುದೇ ಇಲ್ಲವಲ್ಲ. ಆಗಲೇ ಯಾರಿಗೂ ತೋರಿಸಲಿಲ್ಲವಾ?"

"ಅಗೆಲು ಇತ್ತಲ್ಲ," ಎಂದಳು ಆಶಾಲತಾ, ಅದರಲ್ಲೇ ಎಲ್ಲವೂ ಬಂತು ಎನ್ನುವಂತೆ.

ಡಾಕ್ಟರು ಅವಳದ್ದೂ ಒಂದು ಫೋಟೋ ತೆಗೆದರು. ತೆರೆಯ ಮೇಲೆ ತನ್ನ ಮುಖ ಬಂದಾಗ ಆಶಾಲತಾ ನಾಚಿ ಸೆರಗು ಸರಿ ಮಾಡಿಕೊಂಡಳು. ಮೂಗಿನ ನಡುವಿನ ಗಂಟು ಮೆಲ್ಲಗೆ ಇಳಿಯಿತು. ಬಲಕ್ಕೆ ವಾಲಿದ ಏಣು ನೀರಿನಲ್ಲಿ ತೇಲುವ ಕಡ್ಡಿಯಂತೆ ತಿರುಗಿ ನೆಟ್ಟಗೆ ನಿಂತಿತು. ಅಲ್ಲಿ, ಅವಳೇ ಮರೆತಿದ್ದ ಒಬ್ಬಳು ಕಾಣಿಸಿದಳು. ವಾಮಂಜೂರಿನ ಗದ್ದೆಯ ಅಂಚಿನಲ್ಲಿ ನಡೆದು ಬಂದು, ಕಾಲೇಜಿನ ಬಸ್ಸು ಹತ್ತಿ, ಕಿಟಕಿಯ ಬಳಿ ಸೀಟು ಸಿಕ್ಕಿದರೆ ಹಂಪನಕಟ್ಟೆಯವರೆಗೂ ಯಾರೊಡನೆಯೂ ಮಾತಾಡದೆ ಬರುತ್ತಿದ್ದವಳು. ಕೂದಲು ಬೆಳ್ಳಗಾಗಿತ್ತು, ಕೆನ್ನೆ ಇಳಿದಿತ್ತು. ಆದರೂ ಅವಳೇ.

"ನಿಮ್ಮದು ತಪ್ಪಾಗಿ ಕೂಡಿಕೊಂಡ ಎಲುಬು," ಎಂದರು ಡಾಕ್ಟರು. "ಇನ್ನೊಮ್ಮೆ ಮುರಿದೇ ಕೂರಿಸಬೇಕು. ಒಳಗಿನ ಗೋಡೆಯನ್ನೂ ಸರಿ ಮಾಡಬೇಕು. ಚಂದಕ್ಕೂ ಆಯಿತು, ಉಸಿರಿಗೂ ಆಯಿತು. ಕೆಲವು ವಾರ ವಾಸನೆ ತಿಳಿಯಲಿಕ್ಕಿಲ್ಲ, ಮತ್ತೆ ಬರ್ತದೆ. ಆದರೆ ಆಮೇಲೆ ಜಾಗ್ರತೆ ಬೇಕು. ಒಂದು ತಿಂಗಳು ಬಗ್ಗಬಾರದು. ಭಾರ ಎತ್ತಬಾರದು. ಒಲೆಯ ಹತ್ತಿರ, ಆವಿಯ ಹತ್ತಿರ ನಿಲ್ಲಬಾರದು. ದಿಂಬು ಎತ್ತರ ಇಟ್ಟು ಮಲಗಬೇಕು."

ಅಲ್ಲಿಯವರೆಗೆ ಯಾವುದೋ ದೇಶದ ಸುದ್ದಿಯಂತೆ ಕೇಳುತ್ತಿದ್ದ ಆಶಾಲತಾ ಈಗ ಮುಂದಕ್ಕೆ ಸರಿದು ಕೂತಳು.

"ಬಗ್ಗಲಿಕ್ಕೇ ಇಲ್ಲವಾ?"

"ಇಲ್ಲ."

"ಮೀನು ಹೆಚ್ಚಲಿಕ್ಕೆ? ಅದು ಕೂತುಕೊಂಡೇ ಮಾಡುವುದು."

"ತಲೆ ಬಗ್ಗಬೇಕಲ್ಲ. ಇಲ್ಲ."

"ಸಿಲಿಂಡರ್ ಆಫ್ ಮಾಡಲಿಕ್ಕೆ? ಒಂದು ನಿಮಿಷದ ಕೆಲಸ ಅದು."

ಡಾಕ್ಟರು ನಕ್ಕರು. "ಅಮ್ಮ, ನೀವು ಎಂತದೂ ಮಾಡಲಿಕ್ಕಿಲ್ಲ. ಸುಮ್ಮನೆ ಇರುವುದೇ ಮದ್ದು."

ಸುಮ್ಮನೆ ಇರುವುದೇ ಮದ್ದು. ಆ ಮಾತನ್ನು ಆಶಾಲತಾ ಸೆರಗಿನಲ್ಲಿ ಕಟ್ಟಿಕೊಂಡ ಮಲ್ಲಿಗೆಯಂತೆ ಮನೆಗೆ ತಂದಳು.

ಬಿಜೈಯ ಆ ಎರಡು ಮಾಳಿಗೆಯ ಮನೆಯಲ್ಲಿ ಅವಳ ದಿನ ಬಗ್ಗುವುದರಿಂದ ಶುರುವಾಗಿ ಬಗ್ಗುವುದರಲ್ಲಿ ಮುಗಿಯುತ್ತಿತ್ತು. ಗೇಟಿನ ಬಳಿಯ ಹಾಲಿನ ಪ್ಯಾಕೆಟ್ ಎತ್ತಲು, ತುಳಸಿಯ ಬುಡ ಒರೆಸಲು, ಫ್ರಿಜ್ಜಿನ ತಳದಿಂದ ಬಸಳೆ ತೆಗೆಯಲು, ಮೆಟ್ಟುಕತ್ತಿಯ ಮೇಲೆ ಕೂತು ಬಂಗುಡೆ ಹೆಚ್ಚಲು, ವಾಷಿಂಗ್ ಮೆಷಿನ್ನಿನ ಹೊಟ್ಟೆಯಿಂದ ಒದ್ದೆ ಬಟ್ಟೆ ಎಳೆಯಲು, ಮಂಚದಡಿ ಸೇರಿದ ಗಂಡನ ಚಪ್ಪಲಿ ಹೊರಗೆ ತಳ್ಳಲು. ಗುಡಿಸಿ ಒರೆಸಲು ಒಬ್ಬಳು ಬರುತ್ತಿದ್ದಳು. ಆದರೆ ಅವಳು ಬರುವ ಮೊದಲು ಮನೆಯನ್ನೊಮ್ಮೆ ಗುಡಿಸಿಡಬೇಕು, ಇಲ್ಲದಿದ್ದರೆ ಅವಳೇನು ತಿಳಿದುಕೊಂಡಾಳು ಎಂಬುದು ಮಾಮಿಯ ಕಾಲದಿಂದ ನಡೆದು ಬಂದ ಮರ್ಯಾದೆ. ಮಾಮಿಯೆಂದರೆ ಗಂಡನ ತಾಯಿ ಜಲಜಾಕ್ಷಿ. ತೀರಿಕೊಂಡು ಎರಡು ವರ್ಷವಾಗಿತ್ತು.

ಈಗ ಬಗ್ಗಿದಾಗೆಲ್ಲ ಆಶಾಲತಾ ಒಂದು ಕ್ಷಣ ಹಾಗೆಯೇ ನಿಲ್ಲುತ್ತಿದ್ದಳು. ಇದೂ ಇಲ್ಲ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಲೆಯ ಮೇಲೆ ಕುಚಲಕ್ಕಿ ಕುದಿಯುವಾಗ ಆವಿ ಮುಖಕ್ಕೆ ಬಡಿದರೆ, ಇದೂ ಇಲ್ಲ. ಮಾಳಿಗೆಯ ಕೋಣೆಯಲ್ಲಿ ಮಾಮಿಯ ಆರಾಮ ಕುರ್ಚಿ ಖಾಲಿ ಬಿದ್ದಿತ್ತು. ಅದರಲ್ಲಿ ದಿಂಬುಗಳನ್ನು ಒಟ್ಟಿ ಒರಗಿದಂತೆ, ಕಿಟಕಿಯಾಚೆ ಮಳೆ ತನ್ನಷ್ಟಕ್ಕೆ ಸುರಿದಂತೆ, ಕೆಳಗೆ ಯಾರೋ ಯಾವುದೋ ಪಾತ್ರೆ ಹುಡುಕುತ್ತಿದ್ದಂತೆ ಅವಳಿಗೆ ಹಗಲಲ್ಲೇ ಕನಸು ಬೀಳತೊಡಗಿತು. ಆ ಕನಸಿನಲ್ಲಿ ಮೂಗು ಕಾಣುತ್ತಲೇ ಇರಲಿಲ್ಲ. ಕಾಣುತ್ತಿದ್ದದ್ದು ದಿಂಬು.

ಇನ್ನೊಂದು ನೆನಪೂ ಅದರೊಳಗೆ ಸೇರಿಕೊಂಡಿತು. ಕಾಲೇಜಿನ ಕೊನೆಯ ವರ್ಷ ಒಂದು ದಿನ ಕ್ಲಾಸು ತಪ್ಪಿಸಿ, ಬಂದರಿನಿಂದ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿ ಹತ್ತಿದ್ದಳು. ಬೆಂಗ್ರೆಯಲ್ಲಿ ಅವಳಿಗೆ ಯಾರೂ ಇರಲಿಲ್ಲ. ಇಳಿಯಲೂ ಇಲ್ಲ. ಬಲೆ ಹೊತ್ತವರು ಇಳಿದರು, ಮೀನಿನ ಬುಟ್ಟಿಯವರು ಹತ್ತಿದರು. ಅವಳು ಕೂತಲ್ಲೇ ಕೂತು ಅದೇ ದೋಣಿಯಲ್ಲಿ ವಾಪಸು ಬಂದಳು. ದೋಣಿಯನ್ನು ಯಾರೋ ನಡೆಸುತ್ತಿದ್ದರು. ಅಷ್ಟು ಸುಖವಾಗಿ ಅವಳು ಮತ್ತೆಂದೂ ಎಲ್ಲಿಗೂ ಹೋಗಿರಲಿಲ್ಲ.

ಮುಚ್ಚಳದ ಕತೆ ಆ ವರ್ಷದ ನಂತರದ್ದು. ಮದುವೆಯಾಗಿ ಬಂದ ಮೊದಲ ಆಟಿ. ಅಗೆಲಿಗೆಂದೇ ಇಟ್ಟ ಕಲಾಯಿ ಹಾಕಿದ ತಾಮ್ರದ ದೊಡ್ಡ ಪಾತ್ರೆ ಅಡಿಗೆಮನೆಯ ಅಟ್ಟದಲ್ಲಿತ್ತು. ಮನೆಯಲ್ಲಿ ಗಂಡಸರಿದ್ದರು, ಆದರೆ ಅವರು ಚಾವಡಿಯಲ್ಲಿ ಇಸ್ಪೀಟಿಗೆ ಕೂತಿದ್ದರು. ಹೊಸ ಸೊಸೆ ಸ್ಟೂಲು ಹತ್ತಿ ಪಾತ್ರೆಯನ್ನು ಎಳೆದಳು. ಪಾತ್ರೆಯ ಜೊತೆ ಬಂದ ಮುಚ್ಚಳ ನೇರ ಮುಖದ ಮೇಲೆ ಇಳಿಯಿತು. ಮಾಮಿ ಓಡಿ ಬಂದು ರಕ್ತಕ್ಕೆ ಕಾಫಿಪುಡಿ ಒತ್ತಿ, ಅರಸಿನ ಹಚ್ಚಿ, ತಲೆ ಸವರಿ ಹೇಳಿದ್ದರು, "ಅಳಬೇಡ ಮಗಾ. ಹಿರಿಯರು ಹಸಿದು ಕೂತಿರ್ತಾರೆ." ಅಳು ನಿಂತಿತು. ಅಡಿಗೆ ನಿಲ್ಲಲಿಲ್ಲ. ಮರುದಿನ ನೆಂಟರಿದ್ದರು, ಅದರ ಮರುದಿನ ಪಾತ್ರೆ ತೊಳೆದು ಮೇಲಿಡುವುದಿತ್ತು. ಅಷ್ಟರಲ್ಲಿ ಎಲುಬು ತನಗೆ ತೋಚಿದ ಹಾಗೆ ಕೂಡಿಕೊಂಡಿತು. "ಅತ್ತಿಗೆಯ ಮೂಗು ಉಳ್ಳಾಲದ ಕಡೆ, ಕಣ್ಣು ಸುರತ್ಕಲ್ ಕಡೆ," ಎಂದು ಮದುವೆ ಮುಂಜಿಗಳಲ್ಲಿ ಯಾರಾದರೂ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ವಿಚಿತ್ರವೆಂದರೆ ಆ ಸೊಟ್ಟ ಮೂಗಿಗೇ ಮನೆಯಲ್ಲಿ ದೊಡ್ಡ ಹೆಸರು. ಹಿರಿಯರಿಗೆ ಬಡಿಸುವ ಅಡಿಗೆಯನ್ನು ಮೊದಲು ಯಾರೂ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಉಪ್ಪು, ಹುಳಿ, ಖಾರ ಎಲ್ಲವನ್ನೂ ಪರಿಮಳದಲ್ಲೇ ಅಳೆಯಬೇಕು. ಕಣ್ಣು ಮುಚ್ಚಿ, ಬಲದ ಹೊಳ್ಳೆಯಿಂದ ಒಮ್ಮೆ ಆವಿ ಎಳೆದು, "ಉಪ್ಪು ಇನ್ನು ಸ್ವಲ್ಪ ಬೇಕು" ಎಂದು ಆಶಾಲತಾ ಹೇಳಿದರೆ ಅದು ತಪ್ಪಿದ್ದಿಲ್ಲ. ನಿಜ ಹೇಳಬೇಕೆಂದರೆ ಅರ್ಧ ಮೂಗು, ಇನ್ನರ್ಧ ಕೈಯ ಅಂದಾಜು. ಮೂಗು ಎಂದರೆ ಎಲ್ಲರಿಗೂ ಸಂತೋಷವಾಗುತ್ತಿದ್ದರಿಂದ ಅವಳು ತಿದ್ದಲು ಹೋಗಿರಲಿಲ್ಲ.

ಆದ್ದರಿಂದ ಒಂದು ಭಾನುವಾರ ಊಟದ ಮೇಜಿನಲ್ಲಿ ಅವಳು ವಿಷಯ ಹೇಳಿದಾಗ ಎಲ್ಲರೂ ಮೊದಲು ಮೂಗಿನ ಮೇಲೆ ಬೆರಳಿಟ್ಟುಕೊಂಡರು, ಆಮೇಲೆ ಅಗೆಲು ನೆನಪಿಸಿಕೊಂಡರು. ಸುರತ್ಕಲ್‌ನಿಂದ ಮೋಹನದಾಸರ ಅಕ್ಕ ವಾರಿಜ ಬಂದಿದ್ದರು.

"ಈ ಪ್ರಾಯದಲ್ಲಿ ನಿನಗೆ ಪೊರ್ಲು, ಚಂದ ಕಾಣಬೇಕಾ ಮಾರಾಯ್ತಿ?" ಎಂದರು ವಾರಿಜ. "ಮಗಳಿಗೆ ಮಾಡಿಸಿದರೆ ಒಂದು ಅರ್ಥ ಉಂಟು."

"ನನ್ನದು ಆಮೇಲೆ ನೋಡುವ ಅತ್ತೆ," ಎಂದಳು ಚೈತಾಲಿ. "ಅಮ್ಮನಿಗೆ ಉಸಿರೇ ಹೋಗುವುದಿಲ್ಲವಂತೆ. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ."

"ನನಗೆ ಈ ಮೂಗೇ ಸಾಕು," ಎಂದರು ಮೋಹನದಾಸ, ಪ್ರೀತಿಯಿಂದಲೇ. "ಇಷ್ಟು ವರ್ಷದಲ್ಲಿ ಒಂದು ದಿನ ಕಂಪ್ಲೇಂಟ್ ಮಾಡಿದ್ದೇನಾ?"

"ನೀವು ಮಾಡಲಿಲ್ಲ. ಈಗ ನಾನು ಮಾಡ್ತಾ ಇದ್ದೇನೆ."

ಶೆಟ್ಟರು ಅನ್ನಕ್ಕೆ ಸಾರು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ವಾರಿಜ ಬೇರೆ ದಾರಿಯಿಂದ ಬಂದರು. "ಆಯ್ತು, ಮಾಡಿಸು. ಆದರೆ ಆಟಿ ಕಳೆಯಲಿ. ವಾಸನೆ ಬಾರದ ಮೂಗು ಇಟ್ಟುಕೊಂಡು ಅಗೆಲಿನ ಅಡಿಗೆ ಹೇಗೆ ಮಾಡುವುದು? ಸೋಣ ತಿಂಗಳಲ್ಲಿ ಮಾಡಿಸು."

"ಸೋಣದಲ್ಲಿ ಅಷ್ಟಮಿ, ಚೌತಿ."

"ಅದಾದ ಮೇಲೆ."

"ನವರಾತ್ರಿ. ಆಮೇಲೆ ದೀಪಾವಳಿ. ಆಮೇಲೆ ಮದುವೆಗಳು ಶುರು. ನಿಮ್ಮ ಮಗನ ಹೊಸ ಮನೆಯ ಒಕ್ಕಲೂ ಉಂಟಲ್ಲ ಅಕ್ಕ, ಅಡಿಗೆಗೆ ನಾನೇ ಬರಬೇಕು ಅಂತ ಹೇಳಿದ್ದೀರಿ."

ಆಶಾಲತಾ ವರ್ಷವನ್ನು ಒಂದು ಸೀರೆಯಂತೆ ಕೊಡವಿ ನೋಡಿದ್ದಳು. ತನಗೆಂದು ಒಂದು ಮಡಿಕೆಯೂ ಅದರಲ್ಲಿ ಇರಲಿಲ್ಲ. ಆಟಿಯಲ್ಲಿ ಮಾತ್ರ ಡಾಕ್ಟರು ಖಾಲಿ. ಆಟಿಯಲ್ಲಿ ಒಳ್ಳೆಯ ಕೆಲಸ ಮಾಡಬಾರದೆಂದು ಯಾರೂ ಚಂದ ಮಾಡಿಸಿಕೊಳ್ಳಲು ಬರುವುದಿಲ್ಲ ಎಂದು ಅವರೇ ಫೋನಿನಲ್ಲಿ ಹೇಳಿದ್ದರು. ಯಾರಿಗೂ ಬೇಡದ ತಿಂಗಳು. ಅದೇ ತನಗಿರಲಿ ಎಂದು ಅವಳು ದಿನ ಗೊತ್ತು ಮಾಡಿಯಾಗಿತ್ತು. ವಾಮಂಜೂರಿನ ಗದ್ದೆ ಮಾರಿದಾಗ ಬಂದ ತವರಿನ ಪಾಲು ಅವಳ ಹೆಸರಿನಲ್ಲೇ ಇತ್ತು, ಹಾಗಾಗಿ ಖರ್ಚಿನ ಮಾತೂ ಏಳಲಿಲ್ಲ.

"ನಾನು ಹೋಟೆಲಿನಿಂದ ಕುಕ್ಕನ್ನು ಕಳಿಸ್ತೇನೆ," ಎಂದರು ಮೋಹನದಾಸ.

"ಮಂಡೆ ಸರಿ ಉಂಟಾ ನಿನಗೆ?" ಎಂದರು ವಾರಿಜ. "ಹಿರಿಯರಿಗೆ ಹೋಟೆಲಿನವರು ಬೇಯಿಸುವುದಾ? ಮನೆಯ ಒಲೆ, ಮನೆಯವರ ಕೈ. ಅಮ್ಮ ಎದ್ದು ಹೋದಾರು ಎಲೆಯ ಮುಂದಿನಿಂದ."

"ಮನೆಯವರು ಅಂದರೆ ನೀವೂ ಅಲ್ವಾ ಅಕ್ಕ?" ಎಂದಳು ಆಶಾಲತಾ.

ಅವಳು ಅದನ್ನು ಕುಟುಕಲೆಂದು ಹೇಳಿರಲಿಲ್ಲ. ಆಗಷ್ಟೇ ಹೊಳೆದದ್ದು. ಬಂಟರಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಈ ಮನೆಯಲ್ಲಿ ಎಲೆಯ ಮುಂದೆ ಬಂದು ಕೂರುವ ಹಿರಿಯರೆಲ್ಲ ವಾರಿಜರ ಕುಲದವರು, ಮೋಹನದಾಸರ ಕುಲದವರು. ತನ್ನವರಲ್ಲ. ತನ್ನ ಅಜ್ಜಿಯಂದಿರಿಗೆ ವಾಮಂಜೂರಿನಲ್ಲಿ ಅಣ್ಣನ ಹೆಂಡತಿ ಬಡಿಸುತ್ತಾಳೆ. ಅವಳೂ ಬೇರೆ ಕುಲದವಳು. ಹೀಗೆ ಆಟಿಯ ಆ ಸಂಜೆಗಳಲ್ಲಿ ಊರಿಡೀ ಹೆಂಗಸರು ಬೆವರು ಒರೆಸಿಕೊಳ್ಳುತ್ತ ಬೇರೆಯವರ ಸತ್ತವರಿಗೆ ಉಣಿಸುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು. ತುಂಬ ದೂರದಿಂದ, ನೀರಿನ ಆಚೆ ದಡದಿಂದ ನೋಡಿದ ಹಾಗೆ.

ಆಟಿ ಹುಟ್ಟಿದ ವಾರದಲ್ಲೇ ಅವಳು ಆಸ್ಪತ್ರೆಯ ಬಿಳಿ ಹಾಸಿಗೆಯ ಮೇಲೆ ಮಲಗಿದ್ದಳು. ಗೆರ್ಟ್ರೂಡ್ ಎಂಬ ಹಿರಿಯ ನರ್ಸು ಅವಳ ಕೈ ಹಿಡಿದುಕೊಂಡು, "ಹೆದರಬೇಡಿ, ಏನಾದರೂ ಒಳ್ಳೆಯದು ನೆನಸಿಕೊಳ್ಳಿ," ಎಂದರು.

"ಬೆಂಗ್ರೆಯ ದೋಣಿ," ಎಂದಳು ಆಶಾಲತಾ.

"ಅದರಲ್ಲಿ ಎಂತ ಉಂಟು ನೆನಸಿಕೊಳ್ಳಲಿಕ್ಕೆ?" ಎಂದು ನರ್ಸು ಕೇಳಿದ್ದು ಆಚೆ ದಡದಿಂದ ಕೇಳಿಸಿತು. ದೋಣಿ ಹೊರಟಿತ್ತು.

ಮನೆಗೆ ಬಂದಾಗ ಮುಖ ಹಲಸಿನ ಹಣ್ಣಿನಂತೆ ಊದಿತ್ತು, ಕಣ್ಣ ಕೆಳಗೆ ನೇರಳೆ ಬಣ್ಣ, ಮೂಗಿನ ಮೇಲೆ ಗಟ್ಟಿ ಪಟ್ಟಿ. ಚೈತಾಲಿ ತಾಯಿಯನ್ನು ಮಾಳಿಗೆಯ ಕೋಣೆಗೆ ಹತ್ತಿಸಿ, ಮಾಮಿಯ ಆರಾಮ ಕುರ್ಚಿಯಲ್ಲಿ ದಿಂಬು ಒಟ್ಟಿ ಕೂರಿಸಿದಳು. ನೋವಿತ್ತು. ಆದರೆ ನೋವಿಗೆ ಕೂಡ ಕೂತುಕೊಳ್ಳಲು ಒಂದು ಜಾಗ ಸಿಕ್ಕಿದಂತಿತ್ತು.

ಮೊದಲ ದಿನಗಳಲ್ಲಿ ಕೆಳಗಿನಿಂದ ಕೂಗು ಬರುತ್ತಿತ್ತು. "ಆಶಾ, ಸಾಸಿವೆ ಎಲ್ಲಿ ಉಂಟು?" "ಅಮ್ಮ, ಕುಕ್ಕರಿನ ರಿಂಗು?" ಅವಳು ಉತ್ತರ ಹೇಳಲು ಬಾಯಿ ತೆರೆಯುತ್ತಿದ್ದಳು. ಆದರೆ ಮೂಗು ಕಟ್ಟಿದ ದನಿ ಮೆಟ್ಟಿಲು ಇಳಿಯುವಷ್ಟರಲ್ಲಿ ಸೋತುಹೋಗುತ್ತಿತ್ತು. ಎರಡನೆಯ ವಾರಕ್ಕೆ ಕೂಗು ಕಡಿಮೆಯಾಯಿತು. ಡಬ್ಬಗಳನ್ನು ಒಂದೊಂದಾಗಿ ತೆರೆದು ಮುಚ್ಚುವ ಸದ್ದು ಮಾತ್ರ ಕೇಳಿಸುತ್ತಿತ್ತು. ಊರಿಗೆಲ್ಲ ಊಟ ಹಾಕುವ ಹೋಟೆಲಿನ ಯಜಮಾನರು ಒಂದು ಬೆಳಗ್ಗೆ ತಾವೇ ಗಂಜಿ ಮಾಡಿ ತಂದರು. ಅದರ ತಳ ಹಿಡಿದಿದ್ದದ್ದು ಬಣ್ಣದಿಂದ ಗೊತ್ತಾಗುತ್ತಿತ್ತು. ವಾಸನೆ ಇಲ್ಲದ ನಾಲಗೆಗೆ ಬಿಸಿ ಮಾತ್ರ ತಿಳಿಯಿತು. ಅವಳು ತಟ್ಟೆ ಖಾಲಿ ಮಾಡಿದಳು.

"ಪಪ್ಪ ಸಿಲಿಂಡರ್ ಬದಲಿಸಲಿಕ್ಕೆ ಕಲಿತರು," ಎಂದು ಚೈತಾಲಿ ಒಂದು ದಿನ ಮಂಚದ ಅಂಚಿನಲ್ಲಿ ಕೂತು ಸುದ್ದಿ ಹೇಳಿದಳು. "ಸೊಂಟ ಹಿಡಿದುಕೊಂಡು ಹೇಳ್ತಾರೆ, ಇದನ್ನು ಇಷ್ಟು ಕೆಳಗೆ ಇಟ್ಟದ್ದು ಯಾರು ಅಂತ."

"ಅವರೇ," ಎಂದಳು ಆಶಾಲತಾ. ಇಬ್ಬರೂ ನಕ್ಕರು. ನಕ್ಕರೆ ಮೂಗು ನೋಯುತ್ತಿತ್ತು. ಚೈತಾಲಿ ಕನ್ನಡಿ ತೆಗೆದು ತನ್ನ ದಪ್ಪ ತುದಿಯನ್ನೊಮ್ಮೆ ನೋಡಿ ಒಳಗಿಟ್ಟಳು.

ಮೂಗಿನ ಮೇಲಿನ ಗಟ್ಟಿ ಪಟ್ಟಿ ತೆಗೆದು ಬರೀ ಟೇಪು ಉಳಿದಾಗ ಅಗೆಲಿನ ದಿನ ಬಂತು. ಅಂದು ಬೆಳಗ್ಗೆ ಆಶಾಲತಾ ಎಚ್ಚರಾಗುವಾಗ ಏನೋ ಬದಲಾಗಿತ್ತು. ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಳೆಗೆ ನೆನೆದ ಗೋಡೆಯ ವಾಸನೆ. ಕುರ್ಚಿಯ ಕ್ಯಾನ್‌ವಾಸಿನಲ್ಲಿ ಇಂಗಿಹೋದ, ಮಾಮಿ ಮೊಣಕಾಲಿಗೆ ತಿಕ್ಕುತ್ತಿದ್ದ ನೋವಿನೆಣ್ಣೆಯ ವಾಸನೆ. ಅದು ಬರುತ್ತಿದ್ದದ್ದು ಎಡದ ಹೊಳ್ಳೆಯಿಂದ. ಮದುವೆಯ ವರ್ಷದಿಂದ ಮುಚ್ಚಿಕೊಂಡಿದ್ದ ಬಾಗಿಲನ್ನು ಯಾರೋ ಒಳಗಿನಿಂದ ಒಂದು ಬೆರಳಿನಷ್ಟು ತೆರೆದ ಹಾಗೆ. ಅವಳು ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡಳು. ಯಾರಿಗೂ ಹೇಳಲಿಲ್ಲ.

ಕೆಳಗೆ ಗದ್ದಲ ಶುರುವಾಯಿತು. ಅಟ್ಟದಿಂದ ತಾಮ್ರದ ಪಾತ್ರೆ ಇಳಿಸುವ ಹೊತ್ತು. "ಪಪ್ಪ, ನೀವು ಮುಚ್ಚಳ ಹಿಡಿಯಿರಿ. ಮೊದಲು ಮುಚ್ಚಳ," ಎಂದಳು ಚೈತಾಲಿ. "ಹಿಡಿದೆ, ಹಿಡಿದೆ. ಎಂತ ಭಾರ ಮಾರಾಯ್ತಿ ಇದು," ಎಂದರು ಮೋಹನದಾಸ. ಆಮೇಲೆ ಮುಚ್ಚಳವನ್ನು ನೆಲದ ಮೇಲೆ ಬಹಳ ಮೆಲ್ಲಗೆ ಇಟ್ಟ ಸದ್ದು ಮಾತ್ರ ಬಂತು.

ಇಡೀ ದಿನ ಅವರು ಬೇಯಿಸಿದರು. ವಾರಿಜ ಕೆಸುವಿನ ಎಲೆಗೆ ಹಿಟ್ಟು ಬಳಿದು ಸುತ್ತಿದರು, ಚೈತಾಲಿ ತೆಂಗಿನಕಾಯಿ ತುರಿದಳು, ಮೋಹನದಾಸ ಹುರಿದ ಮಸಾಲೆ ಅರೆದರು. ಆಶಾಲತಾ ಮೇಲೆ ಒರಗಿ ಆ ದಿನವನ್ನು ವಾಸನೆಯಲ್ಲೇ ನೋಡಿದಳು. ಕೊತ್ತಂಬರಿ ಹುರಿದದ್ದು ಸರಿಯಾಯಿತು. ಮೆಂತೆ ತುಸು ಕರಟಿಹೋಯಿತು. ನೀರುಳ್ಳಿ ಇನ್ನೂ ಹಸಿ. ನಡುನಡುವೆ ಅವಳು ಜೊಂಪಿನಲ್ಲಿ ದೋಣಿಯಲ್ಲಿರುತ್ತಿದ್ದಳು. ದಡದಲ್ಲಿ ಯಾರೋ ಅಡಿಗೆ ಮಾಡುತ್ತಿದ್ದರು, ಹೊಗೆ ನೀರಿನ ಮೇಲೆ ಹಾದು ಬರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ವಾರಿಜ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮುಚ್ಚಿದ ಬಟ್ಟಲು. ಸೀರೆಯ ತುಂಬ ಅರಸಿನ, ಕೂದಲು ಹಣೆಗೆ ಅಂಟಿತ್ತು. ಅವರನ್ನು ಆ ರೂಪದಲ್ಲಿ ಆಶಾಲತಾ ಎಂದೂ ನೋಡಿರಲಿಲ್ಲ. ಹಾಗೆ ಅವಳು ಕನ್ನಡಿಯಲ್ಲಿ ತನ್ನನ್ನು ಮಾತ್ರ ನೋಡಿದ್ದಳು.

"ಒಮ್ಮೆ ಮೂಸಿ ಹೇಳು ಆಶಾ. ಉಪ್ಪು ಹಾಕಿದ್ದೇನಾ ಇಲ್ಲವಾ ಅಂತಲೇ ನೆನಪಿಲ್ಲ. ಮೋಹನ ಹಾಕಿದ್ದೇನೆ ಅಂತಾನೆ, ಆಮೇಲೆ ಅದು ರೊಟ್ಟಿಗೆ ಅಂತಾನೆ. ರುಚಿ ನೋಡುವ ಹಾಗಿಲ್ಲ."

ಮುಚ್ಚಳ ತೆಗೆದರು. ಆವಿ ಎದ್ದಿತು. ಎರಡೂ ಹೊಳ್ಳೆಗಳಿಂದ, ಜೀವಮಾನದಲ್ಲಿ ಅಷ್ಟು ಅಗಲವಾಗಿ ಬಾರದ ಪರಿಮಳ ಅವಳೊಳಗೆ ಬಂತು. ಕೋಳಿ, ತೆಂಗು, ಮೆಣಸು, ಕರಟಿದ ಮೆಂತೆ. ಅದರ ನಡುವೆ ಒಂದು ಸಪ್ಪೆ ಖಾಲಿ ಜಾಗ. ಉಪ್ಪು ಇರಲಿಲ್ಲ. ಒಂದು ಹರಳೂ ಬಿದ್ದಿರಲಿಲ್ಲ.

ಹೇಳಬೇಕಾದದ್ದು ಒಂದೇ ಮಾತು. ಅದರ ಹಿಂದೆ ಇನ್ನೊಂದು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಷ್ಟು ಹಾಕುವುದು, ಸಾಕಾ ನೋಡು, ಒಮ್ಮೆ ಕೆಳಗೆ ಬಾ, ಬಗ್ಗಬೇಡ, ನಿಂತು ನೋಡಿದರೆ ಸಾಕು. ತಿಂಗಳು ಇನ್ನೂ ಮುಗಿದಿರಲಿಲ್ಲ. ಕೆಳಗೆ ವರ್ಷಕ್ಕೊಮ್ಮೆ ಬರುವ ಹಿರಿಯರು ಹಸಿದು ಕಾಯುತ್ತಿದ್ದರು. ಆ ಮಾತಿಗೆ ಅವಳ ಅಳು ಒಮ್ಮೆ ನಿಂತಿತ್ತು, ಮೂಗು ಸೊಟ್ಟಗಾಗಿತ್ತು. ಸತ್ತವರಿಗೆ ಸುಳ್ಳು ಹೇಳಿದರೆ ಏನಾಗುತ್ತದೋ.

"ನನಗೆ ಗೊತ್ತಾಗುವುದಿಲ್ಲ ಅಕ್ಕ," ಎಂದಳು.

ವಾರಿಜ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ನಂಬಿದರೋ ಇಲ್ಲವೋ. ಬಟ್ಟಲು ಮುಚ್ಚಿ, "ಆಯ್ತು, ಇದ್ದ ಹಾಗೆ ಬಡಿಸುವ," ಎಂದು ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

ಕೆಳಗೆ ಎಲೆ ಹಾಕಿದ ಸದ್ದು, ಹೆಸರು ಹಿಡಿದು ಕರೆದ ಸದ್ದು, ಬಾಗಿಲು ಮುಚ್ಚಿದ ಸದ್ದು. ಆಮೇಲೆ ಮಳೆ ಮಾತ್ರ. ಆಶಾಲತಾ ಕಣ್ಣು ಮುಚ್ಚಿದಳು. ಮಂಚದ ಅಂಚಿನಲ್ಲಿ ಯಾರೋ ಕೂತರು. ನೋವಿನೆಣ್ಣೆಯ ವಾಸನೆ ದಟ್ಟವಾಯಿತು. ಜಲಜಾಕ್ಷಿ ಮಾಮಿ ಹಸಿರು ಅಂಚಿನ ಸೀರೆ ಉಟ್ಟಿದ್ದರು. ಎಲೆಯ ಮುಂದಿನಿಂದ ನೇರ ಎದ್ದು ಬಂದವರಂತೆ ಬೆರಳುಗಳಲ್ಲಿ ಇನ್ನೂ ಪದಾರ್ಥ ಅಂಟಿತ್ತು. ಅವರು ಬಾಗಿ, ಸೊಸೆಯ ಮುಖವನ್ನು ಅತ್ತ ಇತ್ತ ನೋಡಿದರು.

"ನೆಟ್ಟಗಾಯಿತಲ್ಲ," ಎಂದರು.

"ಆಯಿತು ಮಾಮಿ."

"ನೋವುಂಟಾ?"

"ಉಂಟು. ಆಗಿನಷ್ಟು ಇಲ್ಲ."

ಮಾಮಿ ಸ್ವಲ್ಪ ಹೊತ್ತು ಮಳೆ ನೋಡುತ್ತ ಕೂತರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡು, ಮೆಲ್ಲಗೆ, ಹಳೆಯ ದೂರಿನ ದನಿಯಲ್ಲಿ ಹೇಳಿದರು, "ಉಪ್ಪು ಇಲ್ಲ ಮಗಾ."

"ಹಾಕಿಕೊಳ್ಳಿ ಮಾಮಿ," ಎಂದಳು ಆಶಾಲತಾ.

ಮಾಮಿ ಅದನ್ನು ಯೋಚಿಸಿದಂತೆ ಕಂಡಿತು. ಬೇಜಾರಾದಂತೆ ಕಾಣಲಿಲ್ಲ. ಎದ್ದು, ಮೊಣಕಾಲು ನೀವಿಕೊಂಡು, ಬಂದ ದಾರಿಯಲ್ಲೇ ಹೋದರು.

ಬಾಗಿಲು ತೆರೆದ ಸದ್ದಿಗೆ ಆಶಾಲತಾ ಕಣ್ಣು ಬಿಟ್ಟಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೋಹನದಾಸ ಎಲೆಯಲ್ಲಿ ಊಟ ತಂದರು. ಮಾಮಿಗೆ ಬಡಿಸಿದ ಎಲೆಯಿಂದಲೇ ತೆಗೆದದ್ದು. ಸ್ಟೂಲು ಎಳೆದು ಅವಳೆದುರು ಇಟ್ಟು, ತಾವು ಮಂಚದ ಅಂಚಿನಲ್ಲಿ ಕೂತರು. ಅವರ ದಪ್ಪ ಮೂಗಿನ ತುದಿಯಲ್ಲಿ ಮಸಿ ಇತ್ತು. ಅವಳು ರೊಟ್ಟಿ ಮುರಿದು ಪದಾರ್ಥದಲ್ಲಿ ಅದ್ದಿ ಬಾಯಿಗಿಟ್ಟಳು. ಅವರು ಅವಳ ಮುಖವನ್ನೇ ನೋಡುತ್ತಿದ್ದರು.

"ಹೇಗುಂಟು?"

"ಉಪ್ಪು ಇಲ್ಲ."

"ಗೊತ್ತಾಗುವುದಿಲ್ಲ ಅಂದೆಯಂತೆ."

"ಈಗ ಬಾಯಲ್ಲಿ ಇಟ್ಟೆನಲ್ಲ."

ಅವರು ತಲೆ ಕೆರೆದುಕೊಂಡರು. ಆ ಮನೆಯಲ್ಲಿ ಊಟದ ನಡುವೆ ಏನಾದರೂ ಬೇಕಾದರೆ ಒಬ್ಬರು ಏಳುತ್ತಾರೆ. ಅಭ್ಯಾಸದಿಂದ ಇಬ್ಬರೂ ಆ ಒಬ್ಬರಿಗಾಗಿ ಕಾದರು. ಆಶಾಲತಾಳ ಕೈ ಕುರ್ಚಿಯ ಹಿಡಿಕೆಯವರೆಗೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಮಂಚ ಕಿರುಗುಟ್ಟಿತು. ಶೆಟ್ಟರು ಎದ್ದು ಮೆಟ್ಟಿಲಿಳಿದು ಹೋದರು.

ಕೆಳಗೆ ಕಪಾಟಿನ ಬಾಗಿಲುಗಳು ಒಂದೊಂದಾಗಿ ತೆರೆದು ಮುಚ್ಚಿದವು.

"ಆಶಾ, ಉಪ್ಪಿನ ಭರಣಿ ಎಲ್ಲಿ ಉಂಟು?"

ಅದು ಒಲೆಯ ಕೆಳಗೆ, ಬಲಗಡೆ, ಹಿಂದಕ್ಕೆ ಇತ್ತು. ಬಗ್ಗಿದರೆ ಕಾಣುತ್ತದೆ. ಅವಳು ದಿಂಬಿಗೆ ತಲೆ ಕೊಟ್ಟು ಎರಡೂ ಹೊಳ್ಳೆಗಳಿಂದ ಮಳೆಯನ್ನು ಎಳೆದುಕೊಂಡಳು. ಉತ್ತರ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, ನೆಲದ ಹತ್ತಿರದಿಂದ, ಭರಣಿಯ ಮುಚ್ಚಳ ತೆರೆದ ಸದ್ದು ಬಂತು.